ನಿತ್ಯೋಪಯೋಗಿ: ತಿರುಪಿನ ಸುತ್ತುಗಳು

ತಿರುಪು ಇಲ್ಲದ ಮನೆಯನ್ನು ಹುಡುಕುವುದು ಕಷ್ಟ. ನಲ್ಲಿ, ಸೈಕಲ್ಲು, ಟೇಬಲ್ ಫ್ಯಾನು, ಹೊಲಿಗೆಯಂತ್ರ, ಉಪ್ಪಿನಕಾಯಿ ಜಾಡಿಯ ಮುಚ್ಚಳ, ಬರೆಯುವ ಪೆನ್ನು, ಇವೆಲ್ಲದರಲ್ಲೂ ಅದು ಇದ್ದೇ ಇದೆ. ತಿರುಪಿನ ಮೈಮೇಲೆ ಸುತ್ತಿಕೊಂಡಿರುವ ಏಣನ್ನು ಕಾರ್ಖಾನೆಯವರು ಥ್ರೆಡ್ ಎನ್ನುತ್ತಾರೆ. ಮುಂಬಯಿಯ ಮಿಸ್ತ್ರಿಗೆ ಅದು ಚೂಡಿ, ಪುಣೆಯವನಿಗೆ ಆಟೆ, ಚೆನ್ನೈಯವನಿಗೆ ಮರೈ. ನಾವು ಇಲ್ಲಿ ಅದನ್ನು ಸುತ್ತು ಎಂದೇ ಕರೆಯೋಣ. ಹೆಸರು ಊರಿಗೊಂದಾದರೆ ಯಾರಿಗೂ ನಷ್ಟವಿಲ್ಲ. ಅಳತೆಯೇ ಊರಿಗೊಂದಾದರೆ ಏನಾಗುತ್ತದೆಂಬುದೇ ಈ ಸಲದ ವಿಷಯ.

ಮೊದಲು ಸುತ್ತು ಎಂದರೇನೆಂದು ನೋಡೋಣ. ಮನೆಯ ಮಕ್ಕಳನ್ನು ಕರೆದು ಒಂದು ಕಾಗದವನ್ನು ಮೂಲೆಯಿಂದ ಮೂಲೆಗೆ ಕತ್ತರಿಸಲು ಹೇಳಿ. ಆಗ ದೊರೆಯುವ ತ್ರಿಕೋನದ ನೆಟ್ಟನೆಯ ಅಂಚನ್ನು ಪೆನ್ಸಿಲಿಗೆ ಹೊಂದಿಸಿ ಸುತ್ತುತ್ತ ಹೋದರೆ, ಓರೆಯ ಅಂಚು ಪೆನ್ಸಿಲಿನ ಮೇಲೆ ಏರುವ ಗೆರೆಯಾಗಿ ಕಾಣುತ್ತದೆ. ಅದೇ ತಿರುಪು. ಬೆಟ್ಟವನ್ನು ನೇರವಾಗಿ ಹತ್ತಲಾರದ ಲಾರಿ ಘಾಟಿಯ ರಸ್ತೆಯಲ್ಲಿ ಬಳಸಿ ಬಳಸಿ ಹತ್ತುತ್ತದೆಯಷ್ಟೆ? ತಿರುಪಿನದೂ ಅದೇ ಉಪಾಯ. ಕೈಯ ಸ್ವಲ್ಪ ಬಲ ಬಹಳ ದೂರ ತಿರುಗಿ, ಕೊನೆಗೆ ದೊಡ್ಡ ಬಿಗಿಯಾಗುತ್ತದೆ. ಬಿಗಿದದ್ದು ತಾನಾಗಿ ಸಡಿಲವಾಗದಂತೆ ಘರ್ಷಣೆ ಹಿಡಿದಿರುತ್ತದೆ.

ಬೋಲ್ಟಿಗೆ ನಟ್ಟು ಹೊಂದಬೇಕಾದರೆ ದಪ್ಪ ಒಂದೇ ಇದ್ದರೆ ಸಾಲದು. ಒಂದು ಸುತ್ತಿನಿಂದ ಮುಂದಿನ ಸುತ್ತಿಗಿರುವ ದೂರ, ಅಂದರೆ ಪಿಚ್, ಒಂದೇ ಇರಬೇಕು. ಸುತ್ತಿನ ಎರಡು ಇಳಿಜಾರುಗಳ ನಡುವಿನ ಕೋನವೂ ಕೂಡಿಬರಬೇಕು.

ಇಷ್ಟು ಸಣ್ಣ ಸಂಗತಿ ಒಂದು ನಗರಕ್ಕೆ ಮುಳುವಾದದ್ದುಂಟು. ಅಮೆರಿಕದ ಬಾಲ್ಟಿಮೋರಿನಲ್ಲಿ 1904ರ ಫೆಬ್ರವರಿ 7ರಂದು ಬೆಂಕಿ ಹತ್ತಿತು. ವಾಷಿಂಗ್ಟನ್, ಫಿಲಡೆಲ್ಫಿಯಾ ಮೊದಲಾದ ಊರುಗಳಿಂದ ಅಗ್ನಿಶಾಮಕ ದಳದವರು ಧಾವಿಸಿ ಬಂದರು. ಜನರಿದ್ದರು, ಯಂತ್ರಗಳಿದ್ದವು, ನೀರೂ ಇತ್ತು. ಆದರೆ ಹೊರ ಊರಿನವರು ತಂದ ಅನೇಕ ರಬ್ಬರು ಕೊಳವೆಗಳ ಸುತ್ತು ಬಾಲ್ಟಿಮೋರಿನ ಬೀದಿ ನೀರುಕಂಬಗಳ ಸುತ್ತಿಗೆ ಹೊಂದಲಿಲ್ಲ. ಬೆಂಕಿ 30 ಗಂಟೆಗೂ ಮೀರಿ ಉರಿಯಿತು. 1,500ಕ್ಕೂ ಹೆಚ್ಚು ಕಟ್ಟಡಗಳು ನಾಶವಾದವು. ಆಮೇಲೆ ಕೊಳವೆಯ ಜೋಡಣೆಗೆ ಇಡೀ ದೇಶಕ್ಕೆ ಒಂದೇ ಅಳತೆ ಬೇಕೆಂಬ ಮಾತಿಗೆ ಬಲ ಬಂತು.

ಈ ರೋಗಕ್ಕೆ ಮದ್ದು ಹೇಳಿದವರು ಅದಕ್ಕೆ 63 ವರ್ಷ ಮೊದಲೇ ಇದ್ದರು. ಹಿಂದೆ ಒಂದೊಂದು ಕಾರ್ಖಾನೆಗೂ ಒಂದೊಂದು ಸುತ್ತಿತ್ತು. ಒಂದು ಕಡೆ ಮಾಡಿದ ಯಂತ್ರದ ಬೋಲ್ಟು ಕಳೆದರೆ ಮತ್ತೆ ಅಲ್ಲಿಗೇ ಹೋಗಬೇಕಾಗಿತ್ತು. ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ ನಾನಾ ಕಾರ್ಖಾನೆಗಳ ಬೋಲ್ಟುಗಳನ್ನು ಕೂಡಿಹಾಕಿ, ಅಳೆದು, ಸರಾಸರಿ ತೆಗೆದು, 1841ರಲ್ಲಿ ಒಂದು ಕ್ರಮವನ್ನು ಮುಂದಿಟ್ಟನು. ಅವನ ಸುತ್ತಿನ ಕೋನ 55 ಡಿಗ್ರಿ. ತುದಿಯೂ ಬುಡವೂ ದುಂಡು. ತಾನು ಕಂಡುಹಿಡಿದದ್ದೇ ಶ್ರೇಷ್ಠವೆನ್ನದೆ, ಇದ್ದವುಗಳ ನಡುವಣ ದಾರಿಯನ್ನು ಹಿಡಿದನು. ಕಡತಗಳ ನಡುವೆ ಬಾಳುವ ನಮಗೆ ಈ ಗುಣ ಬಹಳ ಮೆಚ್ಚುಗೆಯಾಯಿತು.

ಆದರೆ 1864ರಲ್ಲಿ ಫಿಲಡೆಲ್ಫಿಯಾದ ವಿಲಿಯಂ ಸೆಲರ್ಸ್, ದುಂಡು ತುದಿ ಮಾಡುವುದು ಕಷ್ಟವೆಂದು ವಾದಿಸಿ, ಚಪ್ಪಟೆ ತುದಿಯ 60 ಡಿಗ್ರಿಯ ಸುತ್ತನ್ನು ಸೂಚಿಸಿದನು. ಅಮೆರಿಕ ಅದನ್ನು ಹಿಡಿಯಿತು. ಹೀಗೆ ಒಂದೇ ಭಾಷೆಯಾಡುವ ಎರಡು ದೇಶಗಳ ಬೋಲ್ಟುಗಳು ಒಂದಕ್ಕೊಂದು ಮಾತು ಬಿಟ್ಟವು. ಅರ್ಧ ಇಂಚಿನ ಬ್ರಿಟಿಷ್ ಬೋಲ್ಟಿನಲ್ಲಿ ಇಂಚಿಗೆ 12 ಸುತ್ತು, ಅಮೆರಿಕದ್ದರಲ್ಲಿ 13. ನಟ್ಟು ಮೊದಲು ಒಳಗೆ ಹೋದಂತೆ ಮಾಡಿ, ಬಳಿಕ ಸಿಕ್ಕಿಕೊಳ್ಳುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಮಿತ್ರರಾಷ್ಟ್ರಗಳು ಇದರಿಂದ ಬಹಳ ಬಳಲಿದವು. 1948ರ ನವೆಂಬರಿನಲ್ಲಿ ಅಮೆರಿಕ, ಬ್ರಿಟನ್, ಕೆನಡಾ ಒಟ್ಟುಗೂಡಿ 60 ಡಿಗ್ರಿಯ ಸುತ್ತಿಗೆ ಒಪ್ಪಿದವು. ಇಂದು ನಮ್ಮ ಅಂಗಡಿಗಳಲ್ಲಿ ಹೆಚ್ಚಾಗಿ ಸಿಕ್ಕುವ ಮೆಟ್ರಿಕ್ ಬೋಲ್ಟಿನದೂ 60 ಡಿಗ್ರಿಯೇ. ಎಂ 10 ಎಂದರೆ ದಪ್ಪ 10 ಮಿಲಿಮೀಟರು; ಅದರ ಸಾಮಾನ್ಯ ಪಿಚ್ 1.5 ಮಿಲಿಮೀಟರು.

ಬ್ರಿಟಿಷರು 1884ರಲ್ಲಿ ಗಡಿಯಾರ, ಉಪಕರಣಗಳ ಸಣ್ಣ ತಿರುಪಿಗೆಂದು ರೂಪಿಸಿದ ಒಂದು ಜಾತಿಗೆ ಬಿ.ಎ. ಎಂದು ಹೆಸರು. ಬ್ರಿಟಿಷ್ ಅಸೋಸಿಯೇಷನ್ ಎಂಬುದರ ಮೊದಲಕ್ಷರಗಳಿವು. ನಮ್ಮ ಪದವಿಗೂ ಇದಕ್ಕೂ ಸಂಬಂಧವಿಲ್ಲ. ಇದರಲ್ಲಿ ಸೊನ್ನೆ ನಂಬರಿನದು 6 ಮಿಲಿಮೀಟರು ದಪ್ಪ. ನಂಬರು ಹೆಚ್ಚಿದಷ್ಟೂ ತಿರುಪು ಚಿಕ್ಕದು. ಹಿಂದಿನ ಕಾಲದ ಕಚೇರಿಗಳಲ್ಲಿ ಒಂದನೆಯ ದರ್ಜೆಯಿಂದ ನಾಲ್ಕನೆಯ ದರ್ಜೆಗೆ ಇಳಿದ ಹಾಗೆ ಎಂದರೆ ವಾಚಕರಿಗೆ ಬೇಗ ತಿಳಿದೀತು.

ಬಿಗಿಯುವುದಕ್ಕೆ ಮೊನಚಾದ ತ್ರಿಕೋನದ ಸುತ್ತು ಒಳ್ಳೆಯದು. ಭಾರ ಎತ್ತುವ ಜಾಕಿಗೆ, ವೈಸಿಗೆ ಚೌಕ ಅಥವಾ ಅಗಲ ಬುಡದ ಸುತ್ತು ಬೇಕು. ಅದರಲ್ಲಿ ಘರ್ಷಣೆ ಕಡಿಮೆ. ಹಳೆಯ ಮಾದರಿಯ ರೈಲುಡಬ್ಬಿಗಳನ್ನು ಜೋಡಿಸುವ ತಿರುಪಿನಲ್ಲಿ ದಪ್ಪನಾದ ದುಂಡು ಸುತ್ತು. ಧೂಳಿಗೂ ಪೆಟ್ಟಿಗೂ ಅದು ಜಗ್ಗುವುದಿಲ್ಲ. ಫೌಂಟನ್ ಪೆನ್ನಿನ ಟೊಪ್ಪಿಯಲ್ಲಿ ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು ಸುತ್ತುಗಳು ಜೊತೆಯಾಗಿ ಹೊರಡುತ್ತವೆ. ಆದುದರಿಂದಲೇ ಅದು ಒಂದೆರಡು ತಿರುವಿಗೇ ಮುಚ್ಚಿಕೊಳ್ಳುವುದು. ಸೈಕಲ್ಲಿನ ಎಡ ಪೆಡಲಿಗೂ ಅನೇಕ ಟೇಬಲ್ ಫ್ಯಾನುಗಳ ರೆಕ್ಕೆಯ ತಿರುಪಿಗೂ ಎಡಸುತ್ತು. ತಿರುಗುವ ಭರದಲ್ಲಿ ಬಿಚ್ಚಿಹೋಗದಿರಲೆಂದು.

ಇನ್ನು ಇವುಗಳನ್ನು ಮಾಡುವ ಬಗೆ. ಕೈಯಿಂದ ಮಾಡುವುದಾದರೆ ರಂಧ್ರದ ಒಳಸುತ್ತಿಗೆ ಟ್ಯಾಪು, ಸಲಾಕೆಯ ಹೊರಸುತ್ತಿಗೆ ಡೈ. ಎಂ 10 ಟ್ಯಾಪು ಹಾಕಲು 8.5 ಮಿಲಿಮೀಟರಿನ ರಂಧ್ರ ಕೊರೆಯಬೇಕು; ದಪ್ಪದಲ್ಲಿ ಪಿಚ್ ಕಳೆಯುವುದೇ ಲೆಕ್ಕ. ಎಣ್ಣೆ ಹಾಕಿ, ಸ್ವಲ್ಪ ಮುಂದೆ ತಿರುಗಿಸಿ, ಸ್ವಲ್ಪ ಹಿಂದೆ ತಿರುಗಿಸಿ, ಚೂರನ್ನು ಮುರಿಯುತ್ತ ಹೋಗಬೇಕು. ಆತುರಪಟ್ಟರೆ ಟ್ಯಾಪು ಒಳಗೇ ಮುರಿಯುತ್ತದೆ.

ಲೇತಿನಲ್ಲಿ ಸಲಾಕೆ ತಿರುಗುತ್ತದೆ. ಹಲ್ಲುಗಾಲಿಗಳ ಮೂಲಕ ಅದಕ್ಕೆ ಜೋಡಿಸಿದ ಉದ್ದನೆಯ ಮಾತೃತಿರುಪು ಉಳಿಯನ್ನು ಅಳತೆಗೆ ತಕ್ಕಂತೆ ಸರಿಸುತ್ತದೆ. ಒಳ್ಳೆಯ ತಿರುಪಿನಿಂದ ಮತ್ತೊಂದು ಒಳ್ಳೆಯ ತಿರುಪು ಹುಟ್ಟುವುದು ಹೀಗೆ. ಲಂಡನ್ನಿನಲ್ಲಿ ಹೆನ್ರಿ ಮಾಡ್ಸ್ಲೆ 1800ರ ಸುಮಾರಿಗೆ ಇದನ್ನು ಪಕ್ವಗೊಳಿಸಿದನು. ವಿಟ್‌ವರ್ತ್ ಅವನ ಕಾರ್ಖಾನೆಯಲ್ಲಿ ಪಳಗಿದವನೇ. ಇಂಚಿನ ಲೇತಿನಲ್ಲಿ ನಿಖರವಾದ ಮೆಟ್ರಿಕ್ ಸುತ್ತು ಕಡೆಯಲು 127 ಹಲ್ಲಿನ ಗಾಲಿ ಬೇಕು. ಏಕೆಂದರೆ ಒಂದು ಇಂಚು 25.4 ಮಿಲಿಮೀಟರು, ಅದರ ಐದು ಪಟ್ಟು 127. ಲೇತಿನ ಮಾತು ಬಂದಾಗ ಕನ್ನಡಿಗರಿಗೆ ಹರಿಹರ ನೆನಪಾಗಬೇಕು. 1941ರಲ್ಲಿ ಅಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತುಗಳು ಹೊರ ಪ್ರಾಂತಗಳಲ್ಲೂ ಹೆಸರು ಮಾಡಿದ್ದವು. ಕಾರ್ಖಾನೆ ಈಗ ಮುಚ್ಚಿಹೋಗಿದೆ.

ಅಂಗಡಿಯ ಡಬ್ಬಿಯಲ್ಲಿರುವ ಬೋಲ್ಟುಗಳನ್ನು ಹೆಚ್ಚಾಗಿ ಕಡೆಯುವುದಿಲ್ಲ, ಒತ್ತುತ್ತಾರೆ. ಗೀರುಗಳುಳ್ಳ ಎರಡು ಗಟ್ಟಿ ಉಕ್ಕಿನ ಅಚ್ಚುಗಳ ನಡುವೆ ಸಲಾಕೆ ಚಕ್ಕುಲಿ ಹಿಟ್ಟಿನ ಹುರಿಯಂತೆ ಉರುಳುತ್ತದೆ. ತಗ್ಗಿನ ಲೋಹ ಉಬ್ಬಿ ಏಣಾಗುತ್ತದೆ. ಚೂರು ನಷ್ಟವಿಲ್ಲ, ಲೋಹದ ಎಳೆಗಳು ತುಂಡಾಗದೆ ಬಾಗುವುದರಿಂದ ಬೋಲ್ಟು ಹೆಚ್ಚು ಗಟ್ಟಿ.

ಮನೆಯಲ್ಲಿ ಬಹಳ ಪೇಚಿಗೆ ಸಿಕ್ಕಿಸುವುದು ನಲ್ಲಿಯ ಸುತ್ತು. ಅರ್ಧ ಇಂಚಿನ ನಲ್ಲಿಯನ್ನು ಅಳೆದರೆ ಸುಮಾರು 21 ಮಿಲಿಮೀಟರು ಬಂದು ಗೃಹಸ್ಥನು ಬೆರಗಾಗುತ್ತಾನೆ. ಅರ್ಧ ಇಂಚು ಎಂಬುದು ಕೊಳವೆಯ ಒಳಬಾಯಿಯ ಹಳೆಯ ಹೆಸರು. ಕೊಳವೆಯಲ್ಲಿ ಇಂದಿಗೂ ವಿಟ್‌ವರ್ತನ 55 ಡಿಗ್ರಿಯೇ ನಡೆದಿದೆ, ಇಂಚಿಗೆ 14 ಸುತ್ತು. ಆದುದರಿಂದ ಅಳತೆ ಬರೆದುಕೊಂಡು ಹೋಗದೆ ಹಳೆಯ ನಲ್ಲಿಯನ್ನೇ ಚೀಲದಲ್ಲಿ ಹಾಕಿಕೊಂಡು ಅಂಗಡಿಗೆ ಹೋಗುವುದು ಮೇಲು. ಬಿಳಿಯ ಟೇಪನ್ನು ಬಿಗಿಯುವ ದಿಕ್ಕಿನಲ್ಲೇ ಸುತ್ತಬೇಕು.

ಯಾವ ತಿರುಪೇ ಆಗಲಿ, ಮೊದಲು ಉಲ್ಟಾ ದಿಕ್ಕಿಗೆ ಮೆಲ್ಲಗೆ ತಿರುಗಿಸಿ. ಟಕ್ಕೆಂದು ಸುತ್ತಿನ ಬಾಯಿ ಕೂತ ಮೇಲೆ ಮುಂದಕ್ಕೆ ತಿರುಗಿಸಿ. ಮೊದಲ ಎರಡು ಮೂರು ತಿರುವು ಬೆರಳಿನಿಂದಲೇ ಹೋಗಬೇಕು. ಹೋಗದಿದ್ದರೆ ಅದು ಓರೆಯಾಗಿ ಕೂತಿದೆ, ಇಲ್ಲವೆ ಬೇರೆ ಜಾತಿಯದು. ಅಲ್ಲಿ ಸ್ಪ್ಯಾನರು ಹಾಕಿ ಬಲ ತೋರಿಸಿದರೆ ಬೋಲ್ಟೂ ಕೆಟ್ಟೀತು, ನಟ್ಟೂ ಕೆಟ್ಟೀತು. ನಲ್ಲಿಯಾದರೆ ರಾತ್ರಿ ಕೆಳಗಿನ ಮನೆಯವರು ಬಂದು ಬಾಗಿಲು ತಟ್ಟಿಯಾರು.