ಸಾವಿಗುಂಟು, ಲೆಕ್ಕಕ್ಕಿಲ್ಲ

2023ರಲ್ಲಿ ಕರ್ನಾಟಕದ ಸರ್ಕಾರಿ ದಾಖಲೆಗೆ ಸಿಕ್ಕ ಹಾವು ಕಡಿತದ ಪ್ರಕರಣಗಳು ಆರೂವರೆ ಸಾವಿರದಷ್ಟು. ಸಾವು ಬರೀ 19. ಮರುವರ್ಷ ಪ್ರಕರಣಗಳು 13 ಸಾವಿರ ದಾಟಿದವು, ಸಾವು ನೂರರ ಗಡಿ ಮುಟ್ಟಿತು. ಹಾಗೆಂದು ರಾಜ್ಯದ ಹಾವುಗಳಿಗೆ ಒಂದೇ ವರ್ಷದಲ್ಲಿ ಇಮ್ಮಡಿ ಸಿಟ್ಟೇನೂ ಬಂದಿರಲಿಲ್ಲ. 2024ರ ಫೆಬ್ರುವರಿಯಲ್ಲಿ ಆರೋಗ್ಯ ಇಲಾಖೆ ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಸರ್ಕಾರಿ, ಖಾಸಗಿ ಎನ್ನದೆ ಎಲ್ಲ ಆಸ್ಪತ್ರೆಗಳೂ ವರದಿ ಕೊಡಲೇಬೇಕೆಂದಿತು. ಎಣಿಸತೊಡಗಿದ್ದೇ ತಡ, ಸಂಖ್ಯೆ ಏರಿತು.

ದೇಶದ ಲೆಕ್ಕ ಇನ್ನೂ ವಿಚಿತ್ರ. ರಿಜಿಸ್ಟ್ರಾರ್ ಜನರಲ್ ಕಚೇರಿಯ ಜೊತೆಗೂಡಿ ಪ್ರಭಾತ್ ಝಾ ಮತ್ತು ಸಂಗಡಿಗರು ನಡೆಸಿದ ‘ಮಿಲಿಯನ್ ಡೆತ್ ಸ್ಟಡಿ’ಯನ್ನು ಆಧರಿಸಿ 2020ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಅದರ ಅಂದಾಜಿನಂತೆ 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಡಿದು ಸತ್ತವರು 12 ಲಕ್ಷ, ಅಂದರೆ ವರ್ಷಕ್ಕೆ ಸರಾಸರಿ 58 ಸಾವಿರ. ಇತ್ತ 2003ರಿಂದ 2015ರವರೆಗಿನ 13 ವರ್ಷಗಳಲ್ಲಿ ಸರ್ಕಾರ ದಾಖಲಿಸಿದ ಆಸ್ಪತ್ರೆ ಸಾವುಗಳು 15,500, ವರ್ಷಕ್ಕೆ ಸಾವಿರದ ಚಿಲ್ಲರೆ. ಅಧ್ಯಯನದವರು ಮಾಡಿದ್ದು ದೊಡ್ಡ ಪವಾಡವೇನಲ್ಲ. ಸಾವಾದ ಮನೆಗೆ ಹೋಗಿ, ಏನಾಯಿತು, ಹೇಗಾಯಿತು ಎಂದು ಮನೆಯವರನ್ನು ಕೇಳಿ ಬರೆದುಕೊಂಡರು, ವೈದ್ಯರು ಅದನ್ನು ಓದಿ ಕಾರಣ ಗುರುತಿಸಿದರು.

ವಿಶ್ವ ಆರೋಗ್ಯ ಸಂಸ್ಥೆ ಹಾವು ಕಡಿತವನ್ನು ನಿರ್ಲಕ್ಷಿತ ಉಷ್ಣವಲಯದ ಕಾಯಿಲೆಗಳ ಪಟ್ಟಿಗೆ ಸೇರಿಸಿದ್ದು 2017ರಲ್ಲಿ. ಈ ಪಟ್ಟಿಯಲ್ಲಿ ಇರುವುದೆಲ್ಲ ಬಡವರ ಕಾಯಿಲೆಗಳು. ಅದರಲ್ಲೂ ಹಾವು ಕಡಿತ ಹೆಚ್ಚಾಗಿ ಬರಿಗಾಲಲ್ಲಿ ಹುಲ್ಲು ಕೊಯ್ಯುವವರಿಗೆ, ರಾತ್ರಿ ಗದ್ದೆಗೆ ನೀರು ಹಾಯಿಸುವವರಿಗೆ, ನೆಲದ ಮೇಲೆ ಚಾಪೆ ಹಾಸಿ ಮಲಗುವವರಿಗೆ. ಸಾವುಗಳಲ್ಲಿ ಅರ್ಧದಷ್ಟು ಜೂನ್‌ನಿಂದ ಸೆಪ್ಟೆಂಬರ್ ನಡುವೆ ಸಂಭವಿಸುತ್ತವೆ.

ಇವರ ಸಾವು ಲೆಕ್ಕ ತಪ್ಪುವುದು ಹೇಗೆ ಎಂಬುದಕ್ಕೆ ಕಟ್ಟುಹಾವನ್ನೇ ನೋಡಿ. ರಾತ್ರಿ ಸಂಚರಿಸುವ ಹಾವಿದು. ಹಲ್ಲು ಚಿಕ್ಕದು, ಕಡಿದಲ್ಲಿ ಊತವಿಲ್ಲ, ಉರಿಯಿಲ್ಲ, ಗಾಯವೂ ಕಾಣದು. ಎಷ್ಟೋ ಸಲ ಮಲಗಿದವರಿಗೆ ಎಚ್ಚರವೇ ಆಗುವುದಿಲ್ಲ. ಬೆಳಗಿನ ಜಾವ ಹೊಟ್ಟೆನೋವು, ವಾಂತಿ ಶುರುವಾಗುತ್ತದೆ. ಗ್ಯಾಸ್ಟ್ರಿಕ್ ಇರಬೇಕೆಂದು ಮಾತ್ರೆ ನುಂಗಿಸುತ್ತಾರೆ. ಆಮೇಲೆ ರೆಪ್ಪೆ ಜೋತು ಬೀಳುತ್ತದೆ, ಮಾತು ತೊದಲುತ್ತದೆ, ಉಸಿರಾಟದ ಸ್ನಾಯುಗಳು ಸೋಲುತ್ತವೆ. ಮಧ್ಯಾಹ್ನದೊಳಗೆ ಜೀವ ಹೋದರೆ, ಹಾವು ಕಂಡವರಿಲ್ಲದ ಆ ಸಾವು ಯಾವ ರಿಜಿಸ್ಟರಿಗೆ ಹೋಗಬೇಕು? ಆಸ್ಪತ್ರೆ ತಲುಪಿದವರದ್ದೂ ಇನ್ನೊಂದು ಕಥೆ. ಕೊಳಕುಮಂಡಲ ಕಡಿದು, ಮೂತ್ರಪಿಂಡ ಕೆಟ್ಟು, ಡಯಾಲಿಸಿಸ್ ಮಾಡಿಸಿಕೊಳ್ಳುತ್ತ ವಾರದ ಮೇಲೆ ಸತ್ತರೆ ಕಾಗದದಲ್ಲಿ ಉಳಿಯುವುದು ‘ಮೂತ್ರಪಿಂಡ ವೈಫಲ್ಯ’ ಮಾತ್ರ. ಭಾರತದಲ್ಲಿ ನೋಂದಣಿಯಾಗುವ ಸಾವುಗಳಲ್ಲಿ ವೈದ್ಯರು ಕಾರಣ ಪ್ರಮಾಣೀಕರಿಸುವುದು ನಾಲ್ಕರಲ್ಲಿ ಒಂದಕ್ಕೂ ಕಡಿಮೆ ಎಂಬುದನ್ನೂ ಇದರ ಜೊತೆ ಸೇರಿಸಿಕೊಳ್ಳಿ.

ಇದು ಬರೀ ಅಂಕಿಅಂಶದ ತಕರಾರಲ್ಲ. ಯಾವ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಎಷ್ಟು ಪ್ರತಿವಿಷ ಬೇಕೆಂಬ ಇಂಡೆಂಟ್ ತಯಾರಾಗುವುದು ಇದೇ ಅಂಕಿಗಳಿಂದ. ವಿಷ ಏರಿದವರಿಗೆ ಮೊದಲ ಸುತ್ತಿಗೇ ಸಾಮಾನ್ಯವಾಗಿ 10 ವಯಲ್ ಬೇಕು. ಹೋದ ವರ್ಷ ಒಂದೇ ಪ್ರಕರಣ ಎಂದು ಬರೆದ ಕೇಂದ್ರಕ್ಕೆ ಈ ವರ್ಷ ಬೇಕಾದಷ್ಟು ಸಿಕ್ಕೀತೇ? ಔಷಧ ಇದ್ದರೂ ಕೊಡಲು ಧೈರ್ಯ ಬೇಕು. ಪ್ರತಿವಿಷದಿಂದ ಕೆಲವರಿಗೆ ತೀವ್ರ ಅಲರ್ಜಿ ಆಗುತ್ತದೆ, ಆಗ ತಕ್ಷಣ ಅಡ್ರಿನಾಲಿನ್ ಕೊಡಬೇಕು. ಅಭ್ಯಾಸವಿಲ್ಲದ ವೈದ್ಯರು ಆ ಗೊಡವೆಯೇ ಬೇಡವೆಂದು ಜಿಲ್ಲಾಸ್ಪತ್ರೆಗೆ ಬರೆದುಕೊಟ್ಟು ಕೈ ತೊಳೆದುಕೊಳ್ಳುತ್ತಾರೆ. ದಾರಿಯಲ್ಲಿ ಕಳೆಯುವ ಆ ಎರಡು ಗಂಟೆಯಲ್ಲೇ ಜೀವ ಹೋಗುವುದು. ಮಂಡಲದ ವಿಷ ಏರಿದೆಯೇ ಎಂದು ತಿಳಿಯಲು ದೊಡ್ಡ ಲ್ಯಾಬೂ ಬೇಡ. ಒಣಗಿದ, ಸ್ವಚ್ಛ ಗಾಜಿನ ನಳಿಕೆಗೆ ಎರಡು ಎಂಎಲ್ ರಕ್ತ ಹಾಕಿ 20 ನಿಮಿಷ ಅಲುಗಾಡಿಸದೆ ಇಟ್ಟು ಬಗ್ಗಿಸಿ ನೋಡಬೇಕು. ಹೆಪ್ಪುಗಟ್ಟದೆ ಹರಿದರೆ ಪ್ರತಿವಿಷ ಶುರು ಮಾಡಬೇಕು. ನಳಿಕೆ ಪ್ಲಾಸ್ಟಿಕ್ಕಿನದಾದರೆ ಪರೀಕ್ಷೆ ಕೆಟ್ಟಿತು. ಇಷ್ಟು ಸಣ್ಣ ಸಂಗತಿಯೂ ತರಬೇತಿ ಇಲ್ಲದೆ ಕೈಹತ್ತುವುದಿಲ್ಲ.

ಪ್ರತಿವಿಷದ ಗುಣಮಟ್ಟದ್ದು ಬೇರೆಯೇ ಪ್ರಶ್ನೆ. ಅದರ ತಯಾರಿಕೆಗೆ ಬೇಕಾದ ಹಾವಿನ ವಿಷ ಬಹುಪಾಲು ಚೆನ್ನೈ ಸಮೀಪದ, ಹಾವು ಹಿಡಿಯುವ ಇರುಳರ ಸಹಕಾರ ಸಂಘದಿಂದ ಬರುತ್ತದೆ. ಒಂದೇ ಜಾತಿಯ ಹಾವಾದರೂ ಊರಿಂದೂರಿಗೆ ವಿಷದ ಗುಣ ಬದಲಾಗುತ್ತದೆಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕಾರ್ತಿಕ್ ಸುನಗಾರ್ ತಂಡ ತೋರಿಸಿಕೊಟ್ಟಿದೆ. ಹಾಗಾಗಿ ಒಂದು ಕಡೆಯ ವಿಷದಿಂದ ಮಾಡಿದ ಪ್ರತಿವಿಷ ಎಲ್ಲ ಕಡೆಯೂ ಅಷ್ಟೇ ಚೆನ್ನಾಗಿ ಕೆಲಸ ಮಾಡೀತೆಂಬ ಖಾತ್ರಿಯಿಲ್ಲ. ಮಲೆನಾಡಿನ ತೋಟಗಳಲ್ಲಿರುವ ಗೂನುಮೂಗಿನ ಮಂಡಲಕ್ಕಂತೂ ನಮ್ಮಲ್ಲಿ ಪ್ರತಿವಿಷವೇ ಇಲ್ಲ.

ಎಣಿಸಿದರೆ ಏನಾಗುತ್ತದೆ ಎಂಬುದಕ್ಕೆ ಕಾಲಾ ಅಜಾರ್ ಕಾಯಿಲೆಯ ಉದಾಹರಣೆ ನಮ್ಮ ಮುಂದಿದೆ. ಬಿಹಾರ, ಜಾರ್ಖಂಡ್, ಉತ್ತರ ಪ್ರದೇಶ, ಪಶ್ಚಿಮ ಬಂಗಾಳದಲ್ಲಿ ಹಳ್ಳಿ ಹಳ್ಳಿಯ ರೋಗಿಗಳನ್ನು ಹುಡುಕಿ, ಬ್ಲಾಕ್‌ವಾರು ಲೆಕ್ಕ ಇಟ್ಟು ಬೆನ್ನುಹತ್ತಿದ್ದರಿಂದ, ಗಡುವುಗಳು ಹಲವು ಸಲ ತಪ್ಪಿದರೂ, 2023ರ ಕೊನೆಗೆ 10 ಸಾವಿರ ಜನರಿಗೆ ಒಂದು ಪ್ರಕರಣಕ್ಕಿಂತ ಕೆಳಗೆ ಇಳಿಸುವ ಗುರಿ ಕೈಗೂಡಿತು. ರೇಬಿಸ್‌ ವಿಷಯದಲ್ಲಿ ಹೀಗಾಗಿಲ್ಲ. ಐಸಿಎಂಆರ್ ಸಮೀಕ್ಷೆಯ ಅಂದಾಜು ವರ್ಷಕ್ಕೆ 5,700ಕ್ಕೂ ಹೆಚ್ಚು ಸಾವು. 2024ರ ಲೆಕ್ಕವೆಂದು ಸಂಸತ್ತಿಗೆ ಸಿಕ್ಕಿದ್ದು 54 ಶಂಕಿತ ಸಾವುಗಳು ಮಾತ್ರ.

ದುಡ್ಡು ಇರುವಲ್ಲಿ ಮಾತ್ರ ಲೆಕ್ಕ ತಾನಾಗಿಯೇ ಹುಟ್ಟಿಕೊಳ್ಳುತ್ತದೆ. ಮಧ್ಯಪ್ರದೇಶದ ಸಿವನಿ ಜಿಲ್ಲೆಯಲ್ಲಿ ಹಾವು ಕಡಿತ ಮತ್ತಿತರ ಸಾವಿನ ಪರಿಹಾರದ ಹೆಸರಲ್ಲಿ 11 ಕೋಟಿ ರೂಪಾಯಿಗೂ ಹೆಚ್ಚು ಲಪಟಾಯಿಸಿದ್ದು 2025ರಲ್ಲಿ ಬಯಲಿಗೆ ಬಂತು. ಕಡತದಲ್ಲಿ ಒಂದೇ ಹೆಸರು ಮೂವತ್ತರ ಹತ್ತಿರ ಬಾರಿ ಸತ್ತಿತ್ತು! ಕರ್ನಾಟಕದಲ್ಲೂ ಹಾವು ಕಡಿದು ಸತ್ತ ರೈತರ ಕುಟುಂಬಕ್ಕೆ ಕೃಷಿ ಇಲಾಖೆ 2 ಲಕ್ಷ ರೂಪಾಯಿ ಕೊಡುತ್ತದೆ. ಆ ಕಡತಗಳನ್ನು ಆರೋಗ್ಯ ಇಲಾಖೆಗೆ ಆಸ್ಪತ್ರೆಗಳು ಕೊಟ್ಟ ವರದಿಗಳ ಜೊತೆ ತಾಳೆ ನೋಡಿದರೆ ವಂಚನೆಯೂ ಸಿಗುತ್ತದೆ, ಬಿಟ್ಟುಹೋದ ಸಾವುಗಳೂ ಸಿಗುತ್ತವೆ. ಆಸ್ಪತ್ರೆಯ ಮೆಟ್ಟಿಲು ಹತ್ತದೆ ಮನೆಯಲ್ಲೇ, ನಾಟಿ ವೈದ್ಯರ ಜಗಲಿಯಲ್ಲೇ ಮುಗಿದುಹೋದವರನ್ನು ಆಶಾ ಕಾರ್ಯಕರ್ತೆಯರಲ್ಲದೆ ಬೇರೆ ಯಾರೂ ದಾಖಲಿಸಲಾರರು. ಆ ಕೆಲಸಕ್ಕೆ ಅವರಿಗೆ ಪ್ರತ್ಯೇಕ ಗೌರವಧನ ಕೊಡಲೇಬೇಕು, ಈಗಾಗಲೇ ಹೊತ್ತಿರುವ ಹೊರೆಯ ಮೇಲೆ ಇದನ್ನೂ ಪುಕ್ಕಟೆ ಹೇರುವುದು ಸಲ್ಲದು.

2024ರ ಮಾರ್ಚ್‌ನಲ್ಲಿ ಕೇಂದ್ರ ಪ್ರಕಟಿಸಿದ ರಾಷ್ಟ್ರೀಯ ಕ್ರಿಯಾ ಯೋಜನೆ 2030ರೊಳಗೆ ಈ ಸಾವುಗಳನ್ನು ಅರ್ಧಕ್ಕಿಳಿಸುವ ಮಾತಾಡುತ್ತದೆ. ಸಾವು ವರ್ಷಕ್ಕೆ 50 ಸಾವಿರದಷ್ಟು ಎಂದು ಆ ಯೋಜನೆಯೇ ಒಪ್ಪಿಕೊಂಡಿದೆ. ಹಾಗಿರುವಾಗ 2030ರಲ್ಲಿ ಆಸ್ಪತ್ರೆಗಳ ಸಾವಿರದ ಚಿಲ್ಲರೆ ಅಂಕಿ ಮುಂದಿಟ್ಟು ಗುರಿ ಮುಟ್ಟಿದೆವೆಂದು ಬೀಗುವುದಕ್ಕೆ ಅವಕಾಶ ಇರಬಾರದು. ಇನ್ನು ಕೆಲವು ವರ್ಷ ಸಂಖ್ಯೆ ಏರುತ್ತಲೇ ಹೋಗಬೇಕು, ಏರಿದರೆ ಅದು ಒಳ್ಳೆಯ ಸೂಚನೆ. ಸಂಖ್ಯೆ ಹೆಚ್ಚಾಯಿತೆಂದು ಜಿಲ್ಲಾ ಆರೋಗ್ಯಾಧಿಕಾರಿಗೆ ನೋಟಿಸ್ ಕೊಡುವುದು ಬೇಡ. ಮಳೆಗಾಲವಿಡೀ ಸೊನ್ನೆ ಬರೆದು ಕಳಿಸುವ ತಾಲ್ಲೂಕು ಯಾವುದೆಂದು ನೋಡಿ, ಸರ್ಕಾರ ಮೊದಲು ಅಲ್ಲಿಗೆ ಹೋಗಿ ವಿಚಾರಿಸಲಿ.