ಕುತ್‌ನಲ್ಲಿ ಬೆಳಗಾವಿ ಬ್ರಿಗೇಡ್

ಹುಬ್ಬಳ್ಳಿಯ ಕಮರಿಪೇಟೆಯಿಂದ ಬೆಳಗಾವಿ ಸುಮಾರು ನೂರು ಕಿಲೋಮೀಟರು. ರಜೆಯಲ್ಲಿ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುವ ಪಾಲಕರು ಕೋಟೆ ತೋರಿಸುತ್ತಾರೆ, ಕುಂದಾ ಕೊಡಿಸುತ್ತಾರೆ. ಆ ಊರಿನ ಹೆಸರು ಹೊತ್ತ ಒಂದು ಸೇನಾದಳ ಟೈಗ್ರಿಸ್ ನದಿಯ ದಂಡೆಯಲ್ಲಿ ಹಸಿದು ಶರಣಾದ ಕತೆಯನ್ನೂ ಹೇಳಬಹುದು.

ಮೊದಲ ಮಹಾಯುದ್ಧದ ಕಾಲ. ಬ್ರಿಟಿಷ್ ಭಾರತದ ಸೇನೆಯಲ್ಲಿ 6ನೆಯ ಪುಣೆ ಡಿವಿಜನ್ ಎಂಬುದಿತ್ತು. ಅದರ 18ನೆಯ ಬ್ರಿಗೇಡಿಗೆ ಬೆಳಗಾವಿ ಬ್ರಿಗೇಡ್ ಎಂದೇ ಹೆಸರು. 110ನೆಯ ಮರಾಠಾ ಲಘು ಪದಾತಿದಳ ಇದ್ದದ್ದು ಇದರಲ್ಲಿಯೇ. ತುರ್ಕಿ ದೇಶ ಜರ್ಮನಿಯ ಪಕ್ಷ ಸೇರಿತು. ಅಬಾದಾನ್‌ನ ಎಣ್ಣೆ ಇಂಗ್ಲಿಷರಿಗೆ ಬೇಕಿತ್ತು. 1914ರ ನವೆಂಬರಿನಲ್ಲಿ ಡಿವಿಜನ್ ಬಸ್ರಾ ಹಿಡಿಯಿತು.

ಅಲ್ಲಿಗೇ ನಿಂತಿದ್ದರೆ ಆಗುತ್ತಿತ್ತು. ಬಾಗ್ದಾದಿನ ಆಸೆ ಬಿಡಲಿಲ್ಲ. 1915ರ ನವೆಂಬರಿನಲ್ಲಿ ಟೆಸಿಫಾನ್‌ನಲ್ಲಿ ಭಾರೀ ಪೆಟ್ಟು ತಿಂದು, ಜನರಲ್ ಟೌನ್ಸೆಂಡ್‌ನ ಸೈನ್ಯ ಕುತ್ ಎಂಬ ಪುಟ್ಟ ಊರಿಗೆ ಹಿಂದೆ ಸರಿಯಿತು. ಡಿಸೆಂಬರಿನಲ್ಲಿ ತುರ್ಕರು ಸುತ್ತುಗಟ್ಟಿದರು.

ಆಮೇಲಿನದೆಲ್ಲ ಹೊಟ್ಟೆಯ ಯುದ್ಧ. ಕುದುರೆ, ಹೇಸರಗತ್ತೆಗಳನ್ನು ಕಡಿದು ಹಂಚಿದರು. ಭಾರತೀಯ ಸಿಪಾಯಿಗಳಲ್ಲಿ ಹೆಚ್ಚಿನವರು ಧರ್ಮಕ್ಕೆ ಅಂಜಿ ಅದನ್ನು ಮುಟ್ಟಲಿಲ್ಲ. ಧರ್ಮಗುರುಗಳ ಅಪ್ಪಣೆ ತರಿಸಿದರೂ ತಿಂಗಳುಗಟ್ಟಲೆ ಒಪ್ಪಲಿಲ್ಲ. ಅನೇಕರು ತಿಂದದ್ದು ಏಪ್ರಿಲ್‌ನಲ್ಲಿ, ಮೈಯಲ್ಲಿ ಕಸುವು ಉಳಿಯದ ಮೇಲೆ. ತರಕಾರಿಯಿಲ್ಲದೆ ಒಸಡು ಕೊಳೆಯುವ ಸ್ಕರ್ವಿ ರೋಗ ಹಬ್ಬಿತು. ಧಾನ್ಯ ಬೀಸಲೆಂದು ವಿಮಾನದಿಂದ ಬೀಸುಕಲ್ಲುಗಳನ್ನು ಇಳಿಸಿದರು, ಆಮೇಲೆ ಹಿಟ್ಟಿನ ಚೀಲಗಳನ್ನೂ. ಸಾವಿರಾರು ಬಾಯಿಗಳಿಗೆ ಅದು ಸಾಕಾಗಲಿಲ್ಲ. ಬಿಡಿಸಲು ಬಂದ ಸೈನ್ಯದಲ್ಲಿ ಸತ್ತವರು, ಗಾಯಗೊಂಡವರೇ ಸುಮಾರು 23,000.

1916ರ ಏಪ್ರಿಲ್ 29ರಂದು ಟೌನ್ಸೆಂಡ್ ಶರಣಾದ. ಸೆರೆಸಿಕ್ಕವರು ಸುಮಾರು 13,000. ಅವರಲ್ಲಿ ಬಹುಪಾಲು ಭಾರತೀಯರು, ಅಡುಗೆಯವರು ಡೋಲಿ ಹೊರುವವರು ಸೇರಿ. ಜನರಲ್‌ನನ್ನು ಇಸ್ತಾಂಬುಲ್ ಬಳಿಯ ದ್ವೀಪದ ಬಂಗಲೆಯಲ್ಲಿ ಇರಿಸಿದರು. ಸಿಪಾಯಿಗಳು ಮರುಭೂಮಿಯಲ್ಲಿ ನಡೆದರು, ರೈಲುದಾರಿಗೆ ಕಲ್ಲು ಮಣ್ಣು ಹೊತ್ತರು. ಸಾವಿರಾರು ಮಂದಿ ಮರಳಲಿಲ್ಲ.

1929ರಲ್ಲಿ ಬಸ್ರಾದಲ್ಲಿ ಸ್ಮಾರಕ ಎದ್ದಿತು. ಬ್ರಿಟಿಷ್ ಸೈನಿಕರ ಹೆಸರುಗಳನ್ನು ಒಂದೊಂದಾಗಿ ಕೆತ್ತಿದರು. ಭಾರತದ ಸಾಮಾನ್ಯ ಸಿಪಾಯಿಗಳ ಹೆಸರಿಲ್ಲ. ಪಲಟಣದ ಹೆಸರು, ಮುಂದೆ ಸತ್ತವರ ಲೆಕ್ಕ, ಅಷ್ಟೇ.

ಮನೆಯ ಟ್ರಂಕಿನಲ್ಲಿ ಅಜ್ಜ, ಮುತ್ತಜ್ಜನ ಆ ಯುದ್ಧದ ಬೆಳ್ಳಿಯ ಪದಕವಿದ್ದರೆ ಮಕ್ಕಳು ಅದರ ಅಂಚನ್ನು ಭೂತಗನ್ನಡಿಯಲ್ಲಿ ನೋಡಬೇಕು. ನಂಬರು, ಹೆಸರು, ಪಲಟಣ ಅಲ್ಲಿ ಸಣ್ಣ ಅಕ್ಷರದಲ್ಲಿ ಒತ್ತಿರುತ್ತದೆ.