ಚಕ್ಕೋತದ ಬೀಜವೂ ಸೊಸೆಯ ಕೈಗುಣವೂ



ಮೊನ್ನೆ ಹಿಂದಿನ ಬೀದಿಯ ಸೊಸೆಯೊಬ್ಬಳು ಕಣ್ಣಲ್ಲಿ ನೀರು ತುಂಬಿಕೊಂಡು ಬಂದಳು. ಕೆ.ಆರ್. ನಗರದ ಅವಳ ತವರಿನ ಹಿತ್ತಲಲ್ಲಿ ಸಕ್ಕರೆಯಂಥ ಚಕ್ಕೋತ. ಮದುವೆಯಾದ ವರ್ಷ ಅದರ ಬೀಜ ತಂದು ಇಲ್ಲಿ ಹುಣಸೂರಿನ ಮನೆಯಲ್ಲಿ ಹಾಕಿದ್ದಳು. ಎಂಟು ವರ್ಷ ನೀರು ಹೊತ್ತು ಸಾಕಿದ ಗಿಡ ಈ ಸಲ ಹಣ್ಣು ಬಿಟ್ಟಿತು. ಬಾಯಿಗಿಟ್ಟರೆ ಬರೀ ಹುಳಿ! "ಅಕ್ಕಾ, ನನ್ನ ಕೈಗುಣವೇ ಸರಿಯಿಲ್ಲ ಅಂತಾರೆ ನಮ್ಮತ್ತೆ. ಅವರು ಬೀಜ ಹಾಕಿದ ನಿಂಬೆ ಮಾತ್ರ ತಾಯಿಗಿಡದ ಹಾಗೇ ಇದೆ" ಅಂದಳು.

ಇದು ಕೈಗುಣವಲ್ಲ, ಹಣ್ಣಿನ ಕುಲದ ಗುಣ.

ನಿಂಬೆ, ಕಿತ್ತಳೆ, ಮೂಸಂಬಿ ಎಲ್ಲವೂ ಒಂದೇ ಮನೆತನ. 60 ಬಗೆಗಳ ವಂಶವಾಹಿಗಳನ್ನು ಪರೀಕ್ಷಿಸಿದ ವಿಜ್ಞಾನಿಗಳು, ಇವುಗಳ ತವರು ಅಸ್ಸಾಮಿನಿಂದ ಬರ್ಮಾ, ಚೀನಾ ಗಡಿಯವರೆಗಿನ ಹಿಮಾಲಯದ ತಪ್ಪಲು ಎಂದು 2018ರಲ್ಲಿ 'ನೇಚರ್' ಪತ್ರಿಕೆಯಲ್ಲಿ ತಿಳಿಸಿದರು. ಮನೆತನದ ಮುಖ್ಯ ಹಿರಿಯರು ಮೂವರು: ಚಕ್ಕೋತ, ಮಾದಳ, ಸಿಪ್ಪೆ ಸುಲಭವಾಗಿ ಬಿಡುವ ಕಿತ್ತಳೆ. ಮೂಸಂಬಿ ಎಂದರೆ ಕಿತ್ತಳೆ-ಚಕ್ಕೋತಗಳ ಬೆರಕೆ. ನಮ್ಮ ಉಪ್ಪಿನಕಾಯಿ ನಿಂಬೆಗೆ ಮಾದಳ ತಂದೆ, ಒಂದು ಕಾಡುಜಾತಿ ತಾಯಿ.

ಈಗ ಬೀಜದ ಗುಟ್ಟು ಕೇಳಿ. ನಿಂಬೆ, ಕಿತ್ತಳೆಗಳ ಒಂದೇ ಬೀಜದಲ್ಲಿ ಹಲವು ಮೊಳಕೆಗಳಿರುತ್ತವೆ. ಅವುಗಳಲ್ಲಿ ಹೆಚ್ಚಿನವು ತಾಯಿಯ ಅಂಶದಿಂದಲೇ ಹುಟ್ಟಿ ತಾಯಿಯನ್ನೇ ಹೋಲುತ್ತವೆ. ಪಿರಿಯಾಪಟ್ಟಣದಾಚೆ ಕೊಡಗಿನವರು ಬೀಜದಿಂದ ಬೆಳೆಸಿಯೂ ಕಿತ್ತಳೆಯ ಜಾತಿ ಉಳಿಸಿಕೊಂಡದ್ದು ಹೀಗೆ. ಚಕ್ಕೋತ, ಮಾದಳಗಳ ಬೀಜದಲ್ಲಿ ಮೊಳಕೆ ಒಂದೇ. ಅದು ತಂದೆತಾಯಿ ಇಬ್ಬರ ಗುಣವನ್ನೂ ಬೆರೆಸಿಕೊಂಡು ಬರುತ್ತದೆ. ಜೇನುಹುಳ ಯಾವ ಗಿಡದ ಪರಾಗ ತಂದಿತ್ತೋ, ಬಲ್ಲವರಾರು?

ಹಾಗಾದರೆ ತವರಿನ ಸಿಹಿ ಬೇಕೆಂದರೆ? ಗೂಟಿ ಕಟ್ಟಿ. ಮಳೆಗಾಲದ ಶುರುವಿನಲ್ಲಿ ಪೆನ್ಸಿಲ್ ಗಾತ್ರದ ಆರೋಗ್ಯವಾದ ಕೊಂಬೆ ಆರಿಸಿ. ಒಂದು ಅಂಗುಲ ಅಗಲಕ್ಕೆ ಸುತ್ತಲೂ ತೊಗಟೆ ಬಿಡಿಸಿ, ಒದ್ದೆ ಪಾಚಿ ಇಟ್ಟು, ಪ್ಲಾಸ್ಟಿಕ್ ಹಾಳೆ ಸುತ್ತಿ ಎರಡು ಕಡೆಯೂ ಬಿಗಿಯಾಗಿ ಕಟ್ಟಿ. ಸುಮಾರು ಎರಡು ತಿಂಗಳಲ್ಲಿ ಬೇರು ಕಾಣಿಸುತ್ತದೆ. ಬೇರಿನ ಕೆಳಗೆ ಕತ್ತರಿಸಿ, ಕುಂಡದಲ್ಲಿಟ್ಟು ನೆರಳಲ್ಲಿ ಸುಧಾರಿಸಿ, ಆಮೇಲೆ ನೆಲಕ್ಕೆ ನೆಡಿ. ಅದು ತಾಯಿಮರದ್ದೇ ತುಂಡಾದ್ದರಿಂದ ಹಣ್ಣಿನ ಜಾತಿ ಬದಲಾಗದು.

ಹುಳಿ ಹಣ್ಣನ್ನೂ ಎಸೆಯಬೇಡಿ. ತೊಳೆ ಬಿಡಿಸಿ ಬೆಲ್ಲ ಹಾಕಿ ಗೊಜ್ಜು ಮಾಡಿ. ಅತ್ತೆಗೆ ಮೊದಲು ಬಡಿಸಿ, ಬೀಜದ ಕಥೆಯನ್ನೂ ಹೇಳಿ. ಎಂಟು ವರ್ಷ ಗಿಡವನ್ನು ಒಣಗಲು ಬಿಡದ ಕೈಗೆ ಗುಣವಿಲ್ಲ ಅಂದರೆ ಹೇಗೆ?